ಮೂರು ಗೀಟು

ಬಾಗಿಲ ಚೌಕಟ್ಟಿನ ಮೇಲೆ ಸೀಮೆಸುಣ್ಣದ ಗೀಟು.
ಕೇಳಿದ್ದಾಯಿತು, ಇಲ್ಲ ಅಂದರು ಎಂದರ್ಥ.
ಮೂರು ವರ್ಷದಿಂದ ಇದೇ ನನ್ನ ಕೆಲಸ,
ಕೊಣನೂರು ದಾಟಿ ಐದು ಕಿಲೋಮೀಟರು,
ಹೊಗೆಸೊಪ್ಪಿನ ಬ್ಯಾರನ್ನುಗಳು
ಮನೆಗಳಿಗಿಂತ ಎತ್ತರ ನಿಂತಿರುವ ಊರಲ್ಲಿ.

ಎರಡು ವಾರದಿಂದ ಕೆಮ್ಮಿದೆಯಾ? ಸಾಯಂಕಾಲ ಜ್ವರ?
ರಾತ್ರಿ ಬೆವರು? ಊಟ ಸೇರುತ್ತಾ?
ಸೊಪ್ಪು ಬೇಯುವ ತಿಂಗಳಲ್ಲಿ ಈ ಪ್ರಶ್ನೆ
ಹೊಳೆದಂಡೆಯಲ್ಲಿ ನಿಂತು ನೀರಿದೆಯಾ ಎಂದು ಕೇಳಿದ ಹಾಗೆ.
ಇಲ್ಲಿ ಎಲ್ಲರೂ ಕೆಮ್ಮುತ್ತಾರೆ.
ಯಾರಿಗೂ ಕೆಮ್ಮಿಲ್ಲ.
"ಬ್ಯಾರನ್ ಹೊಗೆ ಕಣಕ್ಕ, ಅದ್ನೆಲ್ಲ ಬರ್ಕಬ್ಯಾಡ."

ಬರೆದುಕೊಳ್ಳಲಿಲ್ಲ.

ಕೆಂಪರಾಜಮ್ಮ ಸೆರಗಿನಿಂದ ಬಾಯಿ ಮುಚ್ಚಿದಳು,
ನಗು ಅಂದುಕೊಂಡೆ.
ಮಗಳಿಗೆ ಗಂಡು ಗೊತ್ತಾಗಿತ್ತು, ಬೀಗರು ಹೊಳೆಯಾಚೆ.
ನನ್ನ ಚೀಲ ಅವಳ ಜಗಲಿಯಲ್ಲಿ ಕಂಡರೆ ಸಾಕು,
ಸುದ್ದಿ ಈಜಿಕೊಂಡು ಹೋಗುತ್ತದೆ.
"ಹಿತ್ತಲ ಕಡೆಯಿಂದ ಬಾ."
ಹೋದೆ. ಎಮ್ಮೆಯ ಪಕ್ಕೆಗೆ ಹಣೆಯೊತ್ತಿ ಕೆಮ್ಮಿ
ಕಫದ ಡಬ್ಬಿ ಕೊಟ್ಟಳು.
ಅದನ್ನು ಬುತ್ತಿಯ ಚೀಲದಲ್ಲಿಟ್ಟು, ತೊಡೆಯ ಮೇಲಿಟ್ಟು,
ಅರಕಲಗೂಡಿನ ಬಸ್ಸಲ್ಲಿ ಕೂತೆ.
"ಮಜ್ಜಿಗೆನಾ ಅಕ್ಕ?" ಅಂದಳು ಪಕ್ಕದವಳು.
ಹೂಂ ಅಂದೆ.
ನಾಲ್ಕನೇ ದಿನ ಫೋನು ಬಂತು:
ಏನೂ ಇಲ್ಲ. ಬರೀ ಹೊಗೆ.

ಶ್ರಾವಣ ಕಳೆದ ಮೇಲೆ ಯಂತ್ರ ಬಂತು,
ಎಕ್ಸ್‌ರೇಯಂತೆ, ಸೂಟ್‌ಕೇಸಿನಲ್ಲಿ ಕೂರುವಷ್ಟು ಚಿಕ್ಕದು.
ಹಾಲಿನ ಡೇರಿಯ ಗೋಡೆಗೆ ಹಲಗೆ ಕಟ್ಟಿ
ಹಾಸನದ ಹುಡುಗ ಕೂಗಿದ:
ಕೆಮ್ಮೋರು, ಕೆಮ್ಮದೋರು, ಎಲ್ಲಾರೂ ಬನ್ನಿ.

ಹೆಂಗಸರ ಸಾಲಲ್ಲಿ ಗದ್ದಲ. ತಾಳಿ ತೆಗೀಬೇಕಂತೆ!
ಕೊನೆಗೆ ಒಬ್ಬೊಬ್ಬಳೂ ಅದನ್ನು ಮೇಲಕ್ಕೆತ್ತಿ
ಹಲ್ಲಲ್ಲಿ ಕಚ್ಚಿಕೊಂಡು ನಿಂತಳು.
ನಮ್ಮೂರ ಹೆಂಗಸರು ಸುಮ್ಮನಿದ್ದದ್ದನ್ನು
ನಾನು ಕಂಡದ್ದು ಅದೊಂದೇ ಮಧ್ಯಾಹ್ನ.

ಸಿಂಗ್ರಿಗೌಡ ಸಾಲಲ್ಲಿರಲಿಲ್ಲ.
ಜನರೇಟರು ಒಂದೇ ಹೆಗಲಲ್ಲಿ ಹೊತ್ತು ತಂದವನು.
ಬೇಲು ಎತ್ತಿ ಲಾರಿಗೆ ಎಸೆಯುವಾಗಲೂ
ಅವನ ಉಸಿರು ಯಾರಿಗೂ ಕೇಳಿಸದು.
ಅವನ ಬಾಗಿಲಲ್ಲಿ ನನ್ನ ಮೂರು ಗೀಟು, ಒತ್ತೊತ್ತಾಗಿ:
ಇಲ್ಲ, ಇಲ್ಲ, ಇಲ್ಲ.
ಕತ್ತಲಾಗುತ್ತಿತ್ತು. ಹುಡುಗ ವೈರು ಸುತ್ತುತ್ತಿದ್ದ.
"ಬಾರಣ್ಣ, ನಿಂದೂ ಒಂದು ಫೋಟೋ" ಅಂದೆ, ತಮಾಷೆಗೆ.
ಅಂಗಿ ಬಿಚ್ಚಿ, ಮದುವೆ ಗಂಡಿನ ಹಾಗೆ ನಿಂತ.
ಎಲ್ಲರೂ ನಕ್ಕರು.

ಪರದೆಯಲ್ಲಿ, ಬಲಹೆಗಲ ಮೂಳೆಯ ಕೆಳಗೆ,
ಬೆಳ್ಳನೆ ಒಂದು ಮೋಡದ ಚೂರು.
ಹುಡುಗ ವೈರು ಕೆಳಗಿಟ್ಟ.

"ಕಫ ಕೊಡಬೇಕಾಗುತ್ತೆ, ಯಜಮಾನ್ರೇ."
"ಕೆಮ್ಮು ಬಂದ್ರಲ್ವಾ ಕೊಡಾದು?"
ಮಾರನೆಯ ಬೆಳಿಗ್ಗೆ ಹೊಳೆದಂಡೆಯಲ್ಲಿ
ನಾನು ಕೆಮ್ಮಿ ತೋರಿಸಿದೆ, ಅವನು ಕಲಿತ.
ಊರೆಲ್ಲ ಬಚ್ಚಿಡುವ ಕೆಮ್ಮು
ಬೇಕೆಂದು ಕರೆದರೆ ಅವನಿಗೆ ಬರಲೊಲ್ಲದು.
ಹತ್ತನೆಯ ಸಲಕ್ಕೆ ಬಂತು, ಚೂರೇ ಚೂರು.
ಅಷ್ಟೇ ಸಾಕಾಯಿತು.

ಬ್ಯಾರನ್ನಿನಲ್ಲಿ ಸೊಪ್ಪು ಹಳದಿಗೆ ತಿರುಗುವುದು ಹೀಗೆಯೇ.
ಹೊರಗೆ ನಿಂತವನಿಗೆ ಒಂದು ಬಾಗಿಲು,
ಒಂದು ಬೀಗ, ಅಷ್ಟೇ ಕಾಣುವುದು.
ಇದು ನನಗೆ ಗೊತ್ತಿತ್ತು.
ಗೊತ್ತಿದ್ದೂ ಕಿವಿಯನ್ನೇ ನಂಬಿದೆ.

ಮಾತ್ರೆ ಹಿಡಿದು ಅವನ ಮನೆಗೆ ಹೋದೆ.
ಗೀಟುಗಳನ್ನು ಒದ್ದೆ ಸೆರಗಿನಲ್ಲಿ ಒರೆಸಿದೆ.
ಮೂರೂ ಸೇರಿ ಒಂದೇ ಬಿಳಿ ಕಲೆಯಾಯಿತು.
ಆರು ತಿಂಗಳು, ಒಂದು ದಿನವೂ ತಪ್ಪಬಾರದು ಅಂದೆ.
ತಲೆಯಾಡಿಸಿದ.
ಹೊಸ ಹಾಳೆ ತೆಗೆದು ಕೇಳಿದೆ:
ಈ ಮನೆಯಲ್ಲಿ ಯಾರ ಪಕ್ಕ ಯಾರು ಮಲಗ್ತೀರಿ?

ಅವನು ಹೆಂಡತಿಯತ್ತ ನೋಡಲಿಲ್ಲ.
ತೊಟ್ಟಿಲು ದಾಟಿದ ಮೇಲೆ ಮೊಮ್ಮಗಳು
ಒಂದು ರಾತ್ರಿಯೂ ಚಾಪೆಯ ಮೇಲೆ ಮಲಗಿದವಳಲ್ಲವಂತೆ.
"ಇಲ್ಲೇ" ಅಂದ,
ಎದೆಯ ಬಲಗಡೆ ಕೈಯಿಟ್ಟುಕೊಂಡು.